ಚಿತ್ರದ ಹಿಂದೆ ಸಿಕ್ಕಿಕೊಂಡ ಮಧ್ಯಾಹ್ನ

ದೆವ್ವ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಕರೆಂಟಿನ ಜೊತೆ ಕೆಲಸ ಮಾಡುವವನು ಅಂಥದ್ದನ್ನೆಲ್ಲ ನಂಬಬಾರದು ಎಂಬ ಜಂಬವೂ ಇತ್ತು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಮಧ್ಯಾಹ್ನ ನಡೆದದ್ದನ್ನು ಇಲ್ಲವೆನ್ನಲೂ ನನ್ನಿಂದ ಆಗಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಅಂಗಡಿ, ಹೋಟೆಲುಗಳಿಗೆ ಬೆಳಕಿನ ಚಿತ್ರ ಮಾಡಿಕೊಡುತ್ತಿದ್ದೆ. ಹಾಲುಬಣ್ಣದ ಅಕ್ರಿಲಿಕ್ ಹಾಳೆಯ ಮೇಲೆ ಚಿತ್ರ ಬರೆದು, ಹಿಂದೆ ಟ್ಯೂಬ್‌ಲೈಟುಗಳನ್ನು ಕೂರಿಸುವುದು. ರಾಜಾಜಿನಗರದಲ್ಲಿ ಹೊಸದಾಗಿ ಸೀರೆ ಅಂಗಡಿ ತೆರೆಯುತ್ತಿದ್ದ ದಾವಣಗೆರೆ ಕಡೆಯ ರುದ್ರಪ್ಪನವರು ಹಿಂಗೋಡೆಯ ಉದ್ದಕ್ಕೂ ಒಂದು ಚಿತ್ರ ಬೇಕೆಂದರು. ಮಗ್ಗಕ್ಕೇರಿಸುವ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಹಿಡಿದು ನಿಂತ ನೇಕಾರ ಹೆಂಗಸರನ್ನು ಬರೆದುಕೊಟ್ಟೆ. ವಿಜಯನಗರದ ನನ್ನ ಬಾಡಿಗೆ ಮನೆಯ ಮಹಡಿಯಲ್ಲಿ ಎರಡು ತಿಂಗಳು ಹಿಡಿಯಿತು.

ಅಂಗಡಿ ಪೂಜೆಯ ಹಿಂದಿನ ದಿನ ಚಿತ್ರ ನಿಲ್ಲಿಸಿದೆವು. ಚಿತ್ರಕ್ಕೂ ಗೋಡೆಗೂ ನಡುವೆ ಒಂದೂವರೆ ಅಡಿ ಸಂದಿ. ಬದಿಯಲ್ಲಿ ಪ್ಲೈವುಡ್ಡಿನ ಕಿರುಬಾಗಿಲು, ಅದಕ್ಕೆ ಹೊರಗಿನಿಂದ ಚಿಲಕ. ಬಿಸಿಗೆ ಹಾಳೆ ಬಾಗುತ್ತದೆಯೇ ನೋಡೋಣವೆಂದು ದೀಪಗಳನ್ನು ಉರಿಯಲು ಬಿಟ್ಟಿದ್ದೆವು. ಊಟಕ್ಕೆ ಹೊರಡುತ್ತೇನೆ ಎಂದು ಬಡಗಿ ಕೃಷ್ಣಾಚಾರಿಗೆ ಹೇಳಿದ ಮೇಲೆ, ತುದಿಯ ಒಂದು ಟ್ಯೂಬು ಮಿನುಗುವುದು ಕಾಣಿಸಿತು. ಅದನ್ನು ಸರಿಮಾಡಲು ಒಳಗೆ ನುಸುಳಿದೆ. ಆಚಾರ್ರು ಅದನ್ನು ನೋಡಲಿಲ್ಲ. ಚಿಲಕ ಹಾಕಿದರು. ಸ್ವಲ್ಪ ಹೊತ್ತಿಗೆ ಶಟರ್ ಇಳಿದ ಸದ್ದು ಕೇಳಿಸಿತು.

ಕೂಗಿದೆ. ಹಾಳೆಗೆ ಗುದ್ದಿದೆ. ಒದೆಯೋಣವೆಂದರೆ ಕಾಲು ಹಿಂದಕ್ಕೆಳೆಯಲು ಜಾಗವಿಲ್ಲ. ತಿರುಗಿ ನಿಲ್ಲಲೂ ಆಗದು. ಬೆನ್ನಿಗೆ ಹಸಿ ಸುಣ್ಣದ ಗೋಡೆ, ಮೂಗಿಗೆ ಅಂಟಿನ ಘಾಟು, ಕಣ್ಣೆದುರು ನಾನೇ ಬರೆದ ಹೆಂಗಸರು ಹಿಂದುಮುಂದಾಗಿ. ಟ್ಯೂಬುಗಳ ಝಳಕ್ಕೆ ಅಂಗಿಯೆಲ್ಲ ತೊಯ್ದುಹೋಯಿತು. ಎಷ್ಟು ಹೊತ್ತಾಗಿತ್ತೋ, ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

ಕತ್ತಲಲ್ಲಿ ಉಸಿರೇ ಸಿಗದಂತಾಯಿತು. ಚಿತ್ರದ ಮೇಲ್ತುದಿಗೂ ಸೂರಿಗೂ ನಡುವೆ ಗೇಣಗಲದ ಕಿಂಡಿ ಇತ್ತು. ಮೇಲಿನ ಮರದ ಪಟ್ಟಿ ಹಿಡಿದು ಮೈಯನ್ನು ಎತ್ತಿಕೊಂಡರೆ ಗಾಳಿಯಾದರೂ ಸಿಕ್ಕೀತು ಎಂದು ಕೈ ಚಾಚಿದೆ.

"ಕೈ ಎತ್ಬೇಡಪ್ಪ. ಹಂಗೇ ಇರು."

ವಯಸ್ಸಾದ ಹೆಂಗಸಿನ ದನಿ. ಹಾಳೆಯ ಆಚೆಯಿಂದ, ನನ್ನ ಮುಖದ ನೇರಕ್ಕೇ. ಕಸ ಗುಡಿಸುವವರು ಯಾರೋ ಒಳಗೇ ಉಳಿದಿರಬೇಕು ಎಂದುಕೊಂಡೆ. ಹೋದ ಜೀವ ಬಂದಂತಾಯಿತು.

"ಯಾರಮ್ಮ ಅದು? ಪಕ್ಕದಲ್ಲಿ ಚಿಲಕ ಇದೆ, ತೆಗೀರಿ!"

"ಅದು ನನ್ ಕೈಲಾಗಲ್ಲ. ನೀನು ಕೈ ಇಳಿಸು."

ಸಿಟ್ಟು ಬಂತು. ಒಂದು ಚಿಲಕ ತೆಗೆಯಲು ಆಗುವುದಿಲ್ಲವೇ? ಮತ್ತೆ ಕೈ ಎತ್ತಿದೆ.

"ಹೇಳಿದ್ ಮಾತು ಕೇಳು!" ಎಂದು ಗದರಿದಳು. ಮಕ್ಕಳನ್ನು ಗದರುವ ಹಾಗೆ. ಚಾಚಿದ ಕೈ ಅಲ್ಲೇ ನಿಂತಿತು.

"ಊಟ ಆಯ್ತಾ?"

"ಇಲ್ಲ" ಎಂದೆ. ಯಾಕೆ ಉತ್ತರ ಕೊಟ್ಟೆನೋ!

"ಆಮೇಲೆ ಮಾಡುವಂತೆ."

ಆಗಲೇ ಕರೆಂಟು ಬಂತು. ತಲೆಯೆತ್ತಿ ನೋಡಿದೆ. ಪಟ್ಟಿಯುದ್ದಕ್ಕೂ ಹೋಗಿದ್ದ ವೈರಿನ ಜೋಡಣೆಯ ಟೇಪು ಬಿಸಿಗೆ ಕಿತ್ತು ಜೋತಾಡುತ್ತಿತ್ತು. ಬರಿಯ ತಾಮ್ರ, ನನ್ನ ಬೆವರಿದ ಬೆರಳುಗಳಿಂದ ಒಂದು ಅಂಗುಲ ದೂರದಲ್ಲಿ. ಮೆಲ್ಲಗೆ ಕೈ ಇಳಿಸಿದೆ. "ಅಮ್ಮಾ" ಎಂದು ಎಷ್ಟೋ ಸಲ ಕರೆದೆ. ಮತ್ತೆ ಯಾರೂ ಮಾತಾಡಲಿಲ್ಲ.

ನಾಲ್ಕು ಗಂಟೆಗೆ ರುದ್ರಪ್ಪನವರು ಶಟರ್ ಎತ್ತಿದರು. "ಅಯ್ಯೋ ಸಾರ್, ನೀವು ಹೋದ್ರಿ ಅನ್ಕೊಂಡ್ನಲ್ಲ!" ಎನ್ನುತ್ತ ಆಚಾರ್ರು ನನ್ನನ್ನು ಈಚೆಗೆಳೆದರು. ಒಳಗಿದ್ದ ಹೆಂಗಸು ಎಲ್ಲಿ ಎಂದು ಕೇಳಿದೆ. ರುದ್ರಪ್ಪನವರು ನನ್ನನ್ನೇ ದಿಟ್ಟಿಸಿದರು.

"ಯಾವ ಹೆಂಗ್ಸು? ಬೀಗ ಹಾಕಿದಾತ ನಾನು, ತೆಗ್ದಾತ ನಾನು. ಕೀ ನನ್ ಜೇಬಿನಾಗೇ ಇತ್ತಲ್ರೀ."

ಅಂಗಡಿಗೆ ಬೇರೆ ಬಾಗಿಲಿರಲಿಲ್ಲ. ಮೂವರೂ ಕಪಾಟುಗಳ ಸಂದಿಯನ್ನೆಲ್ಲ ಹುಡುಕಿದೆವು. ಗೋಡೆಯ ಹಿಂದಿದ್ದದ್ದು ಖಾಲಿ ಸೈಟು. ಆ ಸಂಜೆಯೇ ಜೋಡಣೆ ಬಿಚ್ಚಿ ಮತ್ತೆ ಕಟ್ಟಿದೆ. ಮಾರನೆಯ ದಿನ ಪೂಜೆ ಸಾಂಗವಾಗಿ ನಡೆಯಿತು.

ಇದನ್ನು ನನ್ನ ಹೆಂಡತಿಗೊಬ್ಬಳಿಗೆ ಹೇಳಿದ್ದೇನೆ. "ಗಾಬರೀಲಿ ನಿಮ್ ಮನಸ್ಸೇ ಮಾತಾಡಿರತ್ತೆ ಬಿಡಿ" ಎಂದಳು. ಇರಬಹುದು. ಅದೇ ಉತ್ತರವನ್ನು ನಾನೂ ಎಷ್ಟೋ ಸಲ ಕೊಟ್ಟುಕೊಂಡಿದ್ದೇನೆ. ಆದರೆ ಕೈ ಎತ್ತುವಾಗ ಟೇಪು ಕಿತ್ತುಬಂದದ್ದನ್ನು ನಾನು ನೋಡಿರಲಿಲ್ಲ. ನನಗೇ ಗೊತ್ತಿರದಿದ್ದದ್ದು ನನ್ನ ಮನಸ್ಸಿಗೆ ಹೇಗೆ ಗೊತ್ತಾಯಿತು?