ನಡುಹಗಲ ಸವಾರಿ ಬಿಟ್ಟ ಮುನಾಫ

ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಟ್ರಾಕ್ಸ್ ಗಾಡಿ ನಿಲ್ಲಿಸಿಕೊಂಡು ಪ್ರವಾಸಿಗರಿಗಾಗಿ ಕಾಯುತ್ತಿದ್ದ ಮುನಾಫ ಮಹಾ ಮಾತುಗಾರ. ಕೃಷ್ಣಮೃಗಗಳ ಕಾಡಿನ ಅಂಚಿಗೆ ಜನರನ್ನು ಕರೆದೊಯ್ದು ಚಿಗರಿ ಹಿಂಡು ತೋರಿಸುವುದು, ಅಲ್ಲಿಂದ ತುಂಗಭದ್ರೆಯ ದಂಡೆಯ ಹಳೆಯ ಕಲ್ಲುಗುಡಿಗೆ ಹೋಗುವುದು, ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸುವುದು, ಇದೇ ಅವನ ಬದುಕು. ಒಂದು ಕಾಲಕ್ಕೆ ದೀಪಾವಳಿಯಿಂದ ಯುಗಾದಿಯವರೆಗೆ ಪುರುಸೊತ್ತೇ ಇರುತ್ತಿರಲಿಲ್ಲ. ಈಚೆಗೆ ಶಿವರಾತ್ರಿಗೆ ಮೊದಲೇ ನೆಲ ಕಾಯತೊಡಗಿತ್ತು. ಒಂದು ವರ್ಷ ದೀಪಾವಳಿ ಮುಗಿದ ಮೇಲೂ ಮಳೆ ಸುರಿದು ಶಾಲೆಗಳ ಪ್ರವಾಸಗಳೆಲ್ಲ ರದ್ದಾದವು. ಮತ್ತೊಂದು ವರ್ಷ ಮಳೆಯೇ ಬಾರದೆ ಹಾವೇರಿಯ ಕಡೆ ಕೆರೆ ಬತ್ತಿ, ಚಳಿಗಾಲದ ಹಕ್ಕಿಗಳು ಇಳಿಯಲೇ ಇಲ್ಲ. ಬಂದ ಗಿರಾಕಿಯನ್ನು ಬಿಡುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

ಆ ಬರದ ವರ್ಷದ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಜ್ಜಪ್ಪ, ಹೆಂಡತಿ ಸುಶೀಲವ್ವ ಮತ್ತು ಬೆಳಗಾವಿಯಲ್ಲಿ ಓದುವ ಮೊಮ್ಮಗಳು ಸ್ನೇಹಾಳೊಂದಿಗೆ ಬಂದರು. ಮೊಮ್ಮಗಳಿಗೆ ಚಿಗರಿ ತೋರಿಸಬೇಕೆಂದು ಮುದುಕರ ಹಟ. ಅವರು ಬಸ್ಸಿಳಿಯುವಾಗಲೇ ಡಾಂಬರು ಮೆತ್ತಗಾಗಿತ್ತು. ನಾಳೆ ನಸುಕಿನಲ್ಲಿ ಹೋಗೋಣ ಎಂದು ಮುನಾಫ ಒಮ್ಮೆ ಹೇಳಿ ನೋಡಿದ. ಹುಡುಗಿಗೆ ನಾಳೆ ಬೆಳಗಾವಿಗೆ ಮರಳುವುದಿದೆ ಎಂದರು ಅಜ್ಜಪ್ಪ. ಮುನಾಫ ಎರಡನೇ ಸಲ ಹೇಳಲಿಲ್ಲ. ಗಾಡಿ ಚಾಲು ಮಾಡಿದ.

ಕಾಡಿನಂಚಿನಲ್ಲಿ ಚಿಗರಿಗಳು ನೀಲಗಿರಿ ಮರಗಳ ತೆಳುನೆರಳಿನಲ್ಲಿ ಬಾಯಿ ತೆರೆದು ಬಿದ್ದುಕೊಂಡಿದ್ದವು. ಮನುಷ್ಯರ ಸದ್ದಿಗೂ ಏಳಲಿಲ್ಲ. ಸ್ನೇಹಾ ಮೊಬೈಲು ಎತ್ತಿದವಳು ಹಾಗೇ ಕೆಳಗಿಳಿಸಿದಳು. ಅಲ್ಲಿಂದ ಹೊಳೆಗೆ ಹೋದರೆ ನೀರು ಆಚೆ ದಂಡೆಗೆ ಸರಿದು, ಈಚೆಗೆ ಬರೀ ಉಸುಕು. ಗುಡಿಯ ಅಂಗಳಕ್ಕೆ ಚಪ್ಪಲಿ ಬಿಟ್ಟು ಕಾಲಿಟ್ಟ ಅಜ್ಜಪ್ಪ, ಕಾದ ಕಲ್ಲಿನ ಮೇಲೆ ಲಗುಲಗು ನಡೆದು ಒಂದು ಸುತ್ತು ಹಾಕಿದರು. ಎರಡನೇ ಸುತ್ತಿಗೆ ಅವರ ಮಾತು ತೊದಲಿತು. ಮೈ ಕೆಂಡದಂತೆ ಸುಡುತ್ತಿದ್ದರೂ ಬೆವರು ಮಾತ್ರ ಇರಲಿಲ್ಲ. ಕುಸಿದರು.

ಸುತ್ತ ಒಂದು ಚಪ್ಪರವಿಲ್ಲ, ಒಂದು ನಳವಿಲ್ಲ. ಮುನಾಫ ಅವರನ್ನು ಹೆಗಲಿಗೆ ಹಾಕಿಕೊಂಡು ಗಾಡಿಗೆ ತಂದ. ಇದ್ದ ಬಾಟಲಿ ನೀರನ್ನೆಲ್ಲ ಟವೆಲ್ಲಿಗೆ ಸುರಿದು ಸ್ನೇಹಾಳ ಕೈಗೆ ಕೊಟ್ಟ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಜ್ಜಪ್ಪನವರ ಉಸಿರು ನಿಂತಿತ್ತು.

ಮುನಾಫ ಗಾಡಿ ಮುಟ್ಟದೆ ಮನೆಯಲ್ಲೇ ಕುಳಿತ. ಬ್ಯಾಡಗಿಗೆ ಹೋಗಿ ಆ ಮನೆಯವರ ಮುಖ ನೋಡಿ ಬಾ, ಇಲ್ಲದಿದ್ದರೆ ನಿನಗೆ ಅನ್ನ ಇಳಿಯುವುದಿಲ್ಲ ಎಂದು ಹೆಂಡತಿ ಜರೀನಾ ಹೇಳಿ ಹೇಳಿ ಕಳಿಸಿದಳು. ಸುಶೀಲವ್ವ ಅವನಿಗೆ ನೀರು ಕೊಡಿಸಿದರು, ಕೂರಿಸಿದರು. ಆಮೇಲೆ ಕೇಳಿದರು:

"ನಿನಗ ಆ ಬಿಸಲು ಗೊತ್ತಿತ್ತಲ್ಲಪಾ. ಯಾಕ ಕರಕೊಂಡು ಹೋದಿ?"

ಅವನಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ರಿ ಅವ್ವಾರ. ನಾ ಒಲ್ಲೆ ಅಂದ್ರ ನೀವು ಬ್ಯಾರೆ ಗಾಡಿ ಹತ್ತಿ ಹೋಗ್ತೀರಿ ಅಂತ ಅಂಜಿದ್ನಿ."

ಸುಶೀಲವ್ವ ಎದ್ದು ಒಳಗೆ ಹೋದರು.

ಅಂದಿನಿಂದ ಮುನಾಫ ಬೇಸಿಗೆಯಲ್ಲಿ ನಸುಕಿಗೆ ಹೊರಟು ಬಿಸಿಲೇರುವ ಮೊದಲೇ ತಿರುಗಿ ಬರುವ ಸವಾರಿ ಮಾತ್ರ ಇಟ್ಟುಕೊಂಡ. ಗಾಡಿಯಲ್ಲಿ ನೀರಿನ ಕ್ಯಾನು, ಉಪ್ಪು-ಸಕ್ಕರೆ. ಉಳಿದ ಚಾಲಕರನ್ನೂ ಕೂಡಿಸಿ ಹಾಗೇ ಮಾಡೋಣ ಎಂದು ಬೇಡಿಕೊಂಡ. ಪ್ರವಾಸಿಗರು ಬರುವುದೇ ಮಧ್ಯಾಹ್ನದ ಬಸ್ಸಿಗೆ, ಅವರನ್ನು ಮರುದಿನದವರೆಗೆ ಹಿಡಿದಿಡುವವರು ಯಾರು ಎಂದು ಚಾಲಕರು ನಕ್ಕರು. ಆಗ ಲಾಡ್ಜಿನ ಮಾಲೀಕ ಪ್ರಭುಲಿಂಗಪ್ಪನ ಹತ್ತಿರ ಹೋದ. ರಾತ್ರಿ ಉಳಿದವರಿಗೆ ನಸುಕಿನಲ್ಲೇ ಚಹಾ, ಬುತ್ತಿ ಕೊಡಬೇಕು, ಗುಡಿಯ ದಾರಿಯಲ್ಲಿ ಒಂದು ಚಪ್ಪರ ಹಾಕಿಸಬೇಕು ಎಂದು ಕೇಳಿದ. ಪ್ರಭುಲಿಂಗಪ್ಪ ಬುತ್ತಿಗೆ ಒಪ್ಪಿದ. ಚಪ್ಪರಕ್ಕೆ ಪಂಚಾಯಿತಿಯನ್ನು ಕೇಳು ಎಂದ. ಅಲ್ಲಿ ಮುಂದಿನ ಸಭೆಗೆ ಬಾ ಎಂದರು, ಅದರ ಮುಂದಿನದಕ್ಕೂ ಹಾಗೇ ಅಂದರು.

ಕೆಲವರು ಲಾಡ್ಜಿನಲ್ಲಿ ಉಳಿದು ನಸುಕಿಗೆ ಬಂದರು, ಓಡುವ ಚಿಗರಿ ಕಂಡರು. ಹೆಚ್ಚಿನವರು ಪಕ್ಕದ ಗಾಡಿ ಹತ್ತಿದರು. ಮನೆ ನಡೆಯಲು ಮುನಾಫ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಕೆಲಸಗಾರರನ್ನು ಒಯ್ಯತೊಡಗಿದ. ಆ ಸವಾರಿಗಳಲ್ಲಿ ಅವನು ಮಾತಾಡುವುದಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಅವನು ಒಲ್ಲೆನೆಂದ ಒಂದು ಕುಟುಂಬ ಬೇರೆ ಟ್ರಾಕ್ಸ್ ಹತ್ತಿತು. ಮುನಾಫ ಓಡಿಹೋಗಿ ತನ್ನ ನೀರಿನ ಕ್ಯಾನನ್ನು ಅವರ ಕಾಲಬುಡದಲ್ಲಿಟ್ಟ. ಚಾಲಕ ಮುಖ ಸಿಂಡರಿಸಿ ಗೇರು ಹಾಕಿದ. ಗಾಡಿ ಹೊಳೆಯ ದಾರಿ ಹಿಡಿಯಿತು.