ಅವ್ವನ ಮುಷ್ಟಿಯಲ್ಲಿದ್ದದ್ದು

ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಸೊರಬದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಉಂಡದ್ದು ಅರಗದಿದ್ದರೆ ಕನಸು ಬೀಳುತ್ತದೆ ಎಂದು ಮಕ್ಕಳಿಗಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲಿ ಕೂತವರಿಗೂ ಬಿಡದೆ ಪಾಠ ಮಾಡಿದವನು. ಈಗ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನೀವು ಕೂತಿರುವ ಜಾಗದಲ್ಲಿ ನಾನೂ ಕೂತಿದ್ದವನೇ.

ತೊಂಬತ್ತರ ದಶಕದ ನಡುವಿನ ಮಾತು. ಮನೆ ಶಿಕಾರಿಪುರದಲ್ಲಿ. ಅವ್ವ ಮತ್ತು ನನ್ನ ಹೆಂಡತಿ ಅಲ್ಲಿದ್ದರು. ನಾನು ಸೊರಬದಲ್ಲಿ ರೂಮು ಮಾಡಿಕೊಂಡು, ಶನಿವಾರ ಬೆಳಗಿನ ಶಾಲೆ ಮುಗಿಸಿ ಊರಿಗೆ ಹೋಗುತ್ತಿದ್ದೆ. ಅವ್ವನಿಗೂ ನನಗೂ ಇದ್ದದ್ದು ಒಂದೇ ಜಗಳ, ಅದು ಮೈಮೇಲೆ ಕಟ್ಟಿಕೊಳ್ಳುವ ಇಷ್ಟಲಿಂಗದ್ದು. ಸ್ನಾನ, ಪೂಜೆ, ನಿದ್ದೆ ಯಾವ ಹೊತ್ತಿನಲ್ಲೂ ಅವಳ ಲಿಂಗ ಅವಳನ್ನು ಬಿಟ್ಟಿದ್ದಿಲ್ಲ. ನನ್ನದು ಮಾತ್ರ ದೇವರ ಕೋಣೆಯ ಗೂಟದಲ್ಲಿ ನೇತಾಡುತ್ತಿತ್ತು. “ಗೂಟಕ್ಕ ದೀಕ್ಷೆ ಕೊಡಿಸ್ದಂಗಾತು” ಎಂದು ಅವ್ವ ಗೊಣಗುತ್ತಿದ್ದಳು.

ಅವಳ ಲಿಂಗದ ಅಂಚು ಒಂದು ಕಡೆ ಮುಕ್ಕಾಗಿತ್ತು. ಅದು ನನ್ನದೇ ಕೆಲಸ. ಕಂಕುಳಲ್ಲಿದ್ದಾಗ ಶಿವದಾರ ಹಿಡಿದು ಜಗ್ಗಿದ್ದೆನಂತೆ. ಲಿಂಗ ಒಳಕಲ್ಲಿನ ಮೇಲೆ ಬಿದ್ದು ಕಡಲೆಕಾಳಿನಷ್ಟು ಚಕ್ಕೆ ಹಾರಿಹೋಯಿತಂತೆ. ಬೇರೆಯದು ಕಟ್ಟಿಕೊಳ್ಳಬೇಕು ಎಂದು ಹಿರಿಯರು ಹೇಳಿದರೂ ಅವ್ವ ಕೇಳಲಿಲ್ಲ. ಮೂರು ದಿನ ಉಪವಾಸವಿದ್ದು ಅದನ್ನೇ ಮತ್ತೆ ಕಟ್ಟಿಕೊಂಡಳು. ಚಿಕ್ಕಂದಿನಲ್ಲಿ ಅವಳು ಪೂಜೆಗೆ ಕೂತಾಗ ನಾನು ಪಕ್ಕದಲ್ಲಿ ಕೂತು ಆ ಮುಕ್ಕಿನಲ್ಲಿ ಹೆಬ್ಬೆರಳು ಆಡಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಹೊಟ್ಟೆನೋವೆಂದು ಅವಳನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿಗೆ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕಿತ್ತು. ಲಿಂಗ ಮಾತ್ರ ತೆಗೆಯುವುದಿಲ್ಲ ಎಂದು ಅವ್ವ ಹಟ ಹಿಡಿದಳು. ನಾನು ಅವಳ ಮೇಲೆ ರೇಗಿದೆ. ನಾಲ್ಕು ಜನರ ಮುಂದೆ ಮಾನ ಕಳೆಯಬೇಡ ಎಂದೆ. ಅವಳು ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ಇಲ್ಲಿ ಇಟ್ಕಾಬ್ಯಾಡ. ಮನ್ಯಾಗ ಇಟ್ಟು ಬಾ” ಎಂದಳು. ಅವಳು ನನ್ನೊಡನೆ ಆಡಿದ ಕಡೆಯ ಮಾತು ಅದು. ನಾನು ಶಿಕಾರಿಪುರಕ್ಕೆ ಹೋಗಿ ಅದನ್ನು ಗೂಟಕ್ಕೆ ಹಾಕಿ ವಾಪಸ್ಸು ಬರುವಷ್ಟರಲ್ಲಿ ಆಪರೇಷನ್ ಆಗಿತ್ತು. ಅವ್ವ ಮತ್ತೆ ಕಣ್ಣು ಬಿಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅವರು ಜೀವಮಾನವೆಲ್ಲ ಪೂಜಿಸಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಜೀವ ಹೋಗುವಾಗ ಅವ್ವನ ಮೈಮೇಲೆ ಅದಿರಲಿಲ್ಲ, ಕೊನೆಗೆ ಕೈಯಲ್ಲಾದರೂ ಇರಲಿ ಎಂದು ನಾನೇ ಒಳಗೆ ಹೋಗಿ ತಂದೆ. ಗೂಟದ ಎಡಗಡೆ ನಾನು ಹಾಕಿದ್ದು ಅವಳದು, ಬಲಗಡೆಯದು ನನ್ನದು. ಎರಡೂ ಅವಳೇ ಹೊಲಿದ ಬಿಳಿ ಬಟ್ಟೆಯಲ್ಲಿದ್ದವು. ಎಡಗಡೆಯದನ್ನೇ ತೆಗೆದುಕೊಂಡೆ. ಮಠದ ಅಯ್ಯನವರು ಬಟ್ಟೆ ಬಿಚ್ಚಿ, ಲಿಂಗವನ್ನು ತೊಳೆದು, ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನಾನು ಅಳುತ್ತಿದ್ದೆ, ಏನೂ ಸರಿಯಾಗಿ ಕಾಣಲಿಲ್ಲ.

ಆಮೇಲೆ ಅವ್ವ ಎಲ್ಲರ ಕನಸಿಗೂ ಬಂದಳು, ನನ್ನ ಕನಸಿಗೆ ಮಾತ್ರ ಬರಲಿಲ್ಲ. ಉಳವಿಗೆ ಕೊಟ್ಟಿದ್ದ ಅಕ್ಕನ ಕನಸಿಗಂತೂ ವಾರಕ್ಕೊಮ್ಮೆ ಬರುತ್ತಿದ್ದಳು. “ಎಡಗೈ ಮುಷ್ಟಿ ಬಿಗಿ ಹಿಡ್ಕಂಡು ಕೂತಿರ್ತಾಳೆ ಕಣೋ. ಏನವ್ವಾ ಅದು ಅಂದ್ರೆ ತೋರ್ಸಲ್ಲ” ಎನ್ನುತ್ತಿದ್ದಳು ಅಕ್ಕ. ಹೊಟ್ಟೆ ಕೆಟ್ಟಿರಬೇಕು ನೋಡು ಎಂದು ನಾನು ನಗಾಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕನಸನ್ನು ನಂಬದವನು ರಾತ್ರಿ ಮಲಗುವಾಗ, ಇವತ್ತಾದರೂ ಬಾ ಎಂದು ಕರೆಯುತ್ತಿದ್ದೆ. ಆಸ್ಪತ್ರೆಯಲ್ಲಿ ರೇಗಿದ್ದಕ್ಕೆ ಮುನಿಸಿಕೊಂಡಿದ್ದಾಳೆ ಎನ್ನಿಸಿ ಒಳಗೊಳಗೇ ಕುಗ್ಗಿಹೋಗಿದ್ದೆ.

ವರ್ಷ ತುಂಬಲು ಇನ್ನೂ ಸ್ವಲ್ಪ ದಿನವಿತ್ತು. ಒಂದು ಶನಿವಾರ ಮಧ್ಯಾಹ್ನ ಊರಿಗೆ ಹೊರಟಿದ್ದೆ. ಬಸ್ಸು ಶಿರಾಳಕೊಪ್ಪ ದಾಟಿತ್ತು. ಬಿಸಿಲಿಗೆ ಜೊಂಪು ಹತ್ತಿತು. ಕಿಟಕಿ ಪಕ್ಕದ ಸೀಟಿನಲ್ಲಿ ಅವ್ವ ಕೂತಿದ್ದಳು. ಆಸ್ಪತ್ರೆಗೆ ಹೊರಟ ದಿನ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನಾನು ಅತ್ತೆ. ಅವಳು ಎಡಗೈ ಮುಷ್ಟಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಅಂಗೈಯಲ್ಲಿ ಲಿಂಗವಿತ್ತು. ಹಳೇ ಅಭ್ಯಾಸದಂತೆ ಹೆಬ್ಬೆರಳಿನಿಂದ ಮುಕ್ಕನ್ನು ಹುಡುಕಿದೆ. ಸುತ್ತಲೂ ಸವರಿದೆ. ಮುಕ್ಕೇ ಇರಲಿಲ್ಲ. ನನಗೆ ತುಂಬ ಸಂತೋಷವಾಗಿ, “ಅವ್ವ, ಸರಿಯಾಗೇತಲ್ಲ” ಎಂದೆ.

“ಇದು ನಿಂದಪ್ಪ” ಎಂದಳು.

ಕಂಡಕ್ಟರ್ ಶಿಕಾರಿಪುರ ಎಂದು ಕೂಗಿದಾಗ ಎಚ್ಚರವಾಯಿತು. ಪಕ್ಕದ ಸೀಟು ಖಾಲಿಯಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ, ಇದೆಲ್ಲ ಅಕ್ಕನ ಮಾತು ತಲೆಯಲ್ಲಿ ಕೂತು ಆಡಿಸಿದ ಆಟ ಎಂದು ನನಗೆ ನಾನೇ ಪಾಠ ಹೇಳಿಕೊಂಡು ನಡೆದೆ. ಆದರೂ ಕೈಕಾಲು ತೊಳೆಯದೆ ನೇರ ದೇವರ ಕೋಣೆಗೆ ಹೋದೆ. ಗೂಟದ ಮೇಲಿನದು ನನ್ನದೆಂದು ವರ್ಷವಿಡೀ ಯಾರೂ ಮುಟ್ಟಿರಲಿಲ್ಲ, ಬಟ್ಟೆ ಧೂಳು ಹಿಡಿದಿತ್ತು. ಬಿಚ್ಚಿ ನೋಡುವ ಮೊದಲೇ ಹೆಬ್ಬೆರಳಿಗೆ ಬಟ್ಟೆಯ ಮೇಲಿಂದ ಮುಕ್ಕು ಸಿಕ್ಕಿತು.

ಹೆಂಡತಿ ಬಂದು ಏನಾಯಿತು ಎಂದು ಕೇಳಿದಾಗ ಲಿಂಗವನ್ನು ಅವಳ ಮುಂದೆ ಹಿಡಿದೆ. ಯಾವುದಿಲ್ಲದೆ ಅವ್ವ ಒಂದು ಗಳಿಗೆಯೂ ಇದ್ದವಳಲ್ಲವೋ ಅದನ್ನು ನಾನೇ ರೇಗಿ ತೆಗೆಸಿದ್ದೆ. ಮಣ್ಣು ಮಾಡುವಾಗಲಾದರೂ ಕೊಟ್ಟೆ ಎಂದುಕೊಂಡಿದ್ದೆ. ಅದನ್ನೂ ಕೊಟ್ಟಿರಲಿಲ್ಲ.

ಮರುದಿನ ಅಯ್ಯನವರ ಹತ್ತಿರ ಹೋದೆ. ಅವರು ಲಿಂಗವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಚ್ಚಿದ ಮಣ್ಣು ತೆಗೆಯೋಕೆ ಬರಂಗಿಲ್ರೀ ಎಂದರು. ಇದನ್ನೇನು ಮಾಡಲಿ ಎಂದಾಗ, ನೀವೇ ಕಟ್ಕೊಳ್ರಿ ಎಂದರು. ಅದು ಸರಿಯೋ ತಪ್ಪೋ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅಂದಿನಿಂದ ಅದು ನನ್ನ ಮೈಮೇಲಿದೆ. ಮಣ್ಣು ಮಾಡುವ ದಿನ ನೀರು ತುಂಬಿದ ಕಣ್ಣಿಗೂ ಮುಕ್ಕಿಲ್ಲದ ಲಿಂಗ ಕಂಡಿರಬಹುದು, ಅದೇ ವರ್ಷ ಕಳೆದು ಕನಸಾಗಿರಬಹುದು ಎಂದು ನನ್ನೊಳಗಿನ ಮೇಷ್ಟ್ರು ಹೇಳುತ್ತಾನೆ. ಹಾಗಾದರೆ ಉಳವಿಯಲ್ಲಿದ್ದ ಅಕ್ಕನ ಕನಸಿನಲ್ಲಿ ಅವ್ವ ಮುಷ್ಟಿ ಬಿಗಿ ಹಿಡಿದು ಮುಚ್ಚಿಟ್ಟದ್ದು ಯಾಕೆ ಎಂದು ಕೇಳಿದರೆ ಅವನು ಮತ್ತೆ ಉಂಡದ್ದು ಅರಗದ ಪಾಠಕ್ಕೇ ಹೋಗುತ್ತಾನೆ. ಎಡಗಡೆಯದನ್ನೇ ತೆಗೆದದ್ದು ಈಗಲೂ ನನ್ನ ಕೈಗೆ ನೆನಪಿದೆ. ನಾನು ಅವ್ವನದನ್ನು ತಂದು ಹಾಕಿದ ಮೇಲೆ ಗೂಟವನ್ನು ತಾನು ಮುಟ್ಟಿಲ್ಲ ಎಂದು ಹೆಂಡತಿ ಆಣೆ ಮಾಡುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಅವ್ವನ ಆ ಒಂದು ಮಾತು. ಅವಳು ದೂರಿದಳೋ, ಸಮಾಧಾನ ಹೇಳಿದಳೋ, ಆ ದನಿಯನ್ನು ಎಷ್ಟು ಸಲ ನೆನೆಸಿಕೊಂಡರೂ ಗೊತ್ತಾಗುವುದಿಲ್ಲ.

ಆ ಶನಿವಾರದ ನಂತರ ಅಕ್ಕನ ಕನಸಿಗೂ ಅವ್ವ ಬರಲಿಲ್ಲ. ಆ ಮಾತಿನ ಅರ್ಥ ಕೇಳೋಣವೆಂದರೆ ಅವ್ವ ಸಿಗಬೇಕಲ್ಲ. ಆಮೇಲೆ ಎಷ್ಟೋ ವರ್ಷ, ಸೊರಬದಿಂದ ಬರುವಾಗ ಶಿರಾಳಕೊಪ್ಪ ದಾಟಿದ ಕೂಡಲೇ ಲಿಂಗದ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದೆ. ನಿದ್ದೆ ಬರುತ್ತಿತ್ತು. ಅವ್ವ ಬರುತ್ತಿರಲಿಲ್ಲ.