ಈರಣ್ಣನ ಸೊಲ್ಲು

2009ರ ಆಷಾಢದ ಒಂದು ಭಾನುವಾರ. ಮಧ್ಯಾಹ್ನ ನಾಲ್ಕು ದಾಟಿ ಹತ್ತು ನಿಮಿಷವಾಗಿರಬಹುದು. ಅಂಬರನಾಥ ಸ್ಟೇಷನ್ನಿನ ಪೂರ್ವಕ್ಕಿರುವ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ, ಊಟದ ಮೇಜಿಗೂ ಕಿಟಕಿಗೂ ನಡುವೆ ನಾನು ನಿಂತಿದ್ದೆ. ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್, ಅದರ ಎರಡೂ ಪಕ್ಕದಲ್ಲಿ ಅಂಗೈಯಗಲದ ಸ್ಪೀಕರುಗಳು. ಕರೆಂಟ್ ಇತ್ತು. ಮಳೆ ನಿಂತಿತ್ತು. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಕೇಳುತ್ತಿದ್ದುದು ಇವನ್ನೇ: ಎಲ್ಲಿ ನಿಂತಿದ್ದಿರಿ, ಬೆಳಕಿತ್ತೇ, ಮತ್ತೆ ಯಾರಿದ್ದರು? ಅವರು ತಡವರಿಸಿದರೆ ಒಳಗೊಳಗೇ ನಗುತ್ತಿದ್ದೆ. ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಅಳತೆಗೆ ಸಿಗದ್ದನ್ನು ನಂಬಿದವನಲ್ಲ.

ನಾನು ಉಡುಪಿ ಕಡೆಯವನು, ಇರುವುದು ಡೊಂಬಿವಲಿಯಲ್ಲಿ. ಕೀಬೋರ್ಡ್ ಕಲಿಯುವಾಗ ಐದು ಗೆರೆಗಳ ಸ್ವರಲಿಪಿ ಓದಲು ಬಂತು. ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಬರೆಯುವ ಸಾಫ್ಟ್‌ವೇರ್ ಕೈಗೆ ಸಿಕ್ಕಿತು. ಸ್ವರಗಳನ್ನು ಒಂದೊಂದಾಗಿ ಕೂರಿಸಿದರೆ ಅದೇ ನುಡಿಸಿಯೂ ತೋರಿಸುತ್ತದೆ. ಈ ಹುಚ್ಚನ್ನು ಕೇಳಿ ತಿಳಿದು, ನಮ್ಮ ಕಾರ್ಖಾನೆಯ ಆಫೀಸಿನಲ್ಲಿದ್ದ ಶೋಭಾ ಎಂಬವರು ನನ್ನನ್ನು ತಮ್ಮ ತಾಯಿ ಗಂಗವ್ವನವರ ಬಳಿಗೆ ಕರೆದೊಯ್ದರು.

ಗಂಗವ್ವ ವಿಜಾಪುರ ಕಡೆಯವರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುತ್ತಿತ್ತು. ಅವರಲ್ಲಿ ಅಜ್ಜನ ಕಾಲದ, ಕೈಯಲ್ಲಿ ಬರೆದ ಒಂದು ಹಾಡಿನ ವಹಿ ಇತ್ತು. ಅಕ್ಷರಗಳ ತಲೆಯ ಮೇಲೆ ಕೊಕ್ಕೆ, ಚುಕ್ಕಿ, ಅಡ್ಡಗೆರೆಗಳು. ಯಾವ ಗುರುತಿಗೆ ದನಿ ಏರಬೇಕು, ಯಾವುದಕ್ಕೆ ಎಳೆಯಬೇಕು ಎಂಬುದು ಆ ಮನೆಯವರಿಗೆ ಮಾತ್ರ ಗೊತ್ತಿತ್ತು. ಅದನ್ನು ಬಲ್ಲವರಲ್ಲಿ ಮನೆಯಲ್ಲಿ ಉಳಿದಿದ್ದವರು ಗಂಗವ್ವ ಒಬ್ಬರೇ. ನಾನು ಗುರುತು ಹೇಳಬೇಕು, ಅವರು ಹಾಡಬೇಕು, ನಾನು ಬರೆದುಕೊಳ್ಳಬೇಕು. ಹೀಗೆ ಎಂಟು ತಿಂಗಳು, ಭಾನುವಾರಕ್ಕೊಂದು ಹಾಡು.

ಅವು ಇಬ್ಬರ ಹಾಡುಗಳು. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಂಡು ಬೇರೆ ಬಗೆಯಲ್ಲಿ ತಿರುಗಿ ಹಾಡುತ್ತಾರೆ. ಹಿಂದಿನವರ ಆ ಸರದಿಯನ್ನು ಅವರು ಸೊಲ್ಲು ಎನ್ನುತ್ತಿದ್ದರು. ಎರಡು ದನಿಗೂ ಬೇರೆ ಬೇರೆ ಗೆರೆಸಾಲು ಹಾಕಿ, ಮೇಲಿನದಕ್ಕೆ ಹಾರ್ಮೋನಿಯಂ ದನಿಯನ್ನೂ ಕೆಳಗಿನದಕ್ಕೆ ಕೊಳಲಿನ ದನಿಯನ್ನೂ ಕೊಟ್ಟಿದ್ದೆ.

ಮೊದಲ ತಿಂಗಳಲ್ಲೇ ಒಂದು ತಪ್ಪು ಮಾಡಿದೆ. ಕೆಲವು ಸೊಲ್ಲುಗಳ ಮೇಲೆ ಬೇರೆ ಶಾಯಿಯಲ್ಲಿ ಒಂದೊಂದು ಸೊನ್ನೆ ಇತ್ತು. ನಾನು ಕಲಿತ ಐದು ಗೆರೆಗಳ ಸ್ವರಲಿಪಿಯಲ್ಲಿ ಬರಿಯ ಸೊನ್ನೆಯೆಂದರೆ ನಾಲ್ಕು ಮಾತ್ರೆ ಎಳೆಯುವ ಸ್ವರ. ಹಾಗೆಯೇ ಬರೆದು ನುಡಿಸಿದೆ. ಗಂಗವ್ವ ಕೈ ಎತ್ತಿ ನಿಲ್ಲಿಸಿದರು.

"ಅಲ್ಲಿ ಯಾರೂ ಹಾಡೂದಿಲ್ಲೋ ತಮ್ಮಾ. ಅದು ನಮ್ಮ ಕಾಕಾನ ಸೊಲ್ಲು. ಅಂವ ತೀರಿಕೊಂಡ ಮ್ಯಾಲ ಅಪ್ಪ ಸೊನ್ನಿ ಹಾಕ್ಯಾನ. ಅಷ್ಟ್ ಹೊತ್ತು ಸುಮ್ಮ ಕುಂತು, ಆಮ್ಯಾಲ ಮುಂದಿಂದು ಹಾಡೂದು."

ಸತ್ತವರ ಸರದಿಯನ್ನು ಇನ್ನೊಬ್ಬರು ತುಂಬಬಾರದು ಎಂಬುದು ಆ ಮನೆಯ ಪದ್ಧತಿ. ಆದರೆ ವಹಿಯ ಕೊನೆಯ ಹಾಡಿನ ಸೊಲ್ಲಿಗೆ ಸೊನ್ನೆ ಇರಲಿಲ್ಲ. ಅದು ಅವರ ತಮ್ಮ ಈರಣ್ಣನದು. ಅಂದಿಗೆ ಮೂವತ್ತು ವರ್ಷದ ಹಿಂದೆ, ಹತ್ತಿರದ ಕಲ್ಯಾಣ ಊರಿನ ಒಂದು ಭಜನೆಯಲ್ಲಿ ಅವನು ತಾಳ ತಪ್ಪಿದನೆಂದು ಗಂಗವ್ವ ಎಲ್ಲರೆದುರು ಗದರಿದ್ದರು. ಅವನು ತಾಳಗಳನ್ನು ಕೆಳಗಿಟ್ಟು ಎದ್ದುಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಅವನ ಸೊಲ್ಲನ್ನು ಗಂಗವ್ವನೇ ಹಾಡುತ್ತ ಬಂದಿದ್ದರು. ಬದುಕಿರುವವನ ಸರದಿಯನ್ನು ತುಂಬಲು ಅಡ್ಡಿಯಿರಲಿಲ್ಲ.

"ಮಾಮಾ ಬರಾಂವಿದ್ರ ಇಷ್ಟೊತ್ತಿಗೆ ಬರ್ತಿದ್ದ ಅವ್ವಾ," ಎಂದು ಶೋಭಾ ಒಮ್ಮೆ ನನ್ನೆದುರೇ ಹೇಳಿದರು.

"ನಿನ್ನ ಲೋಕಲ್ ಗಾಡಿ ಎರಡು ತಾಸು ಲೇಟಾದ್ರ ಸತ್ತ ಹೋತು ಅಂತೀಯೇನ? ಹೋಗು, ಚಹಾ ಇಡು," ಎಂದರು ಗಂಗವ್ವ.

ಆ ಭಾನುವಾರ ಕೊನೆಯ ಹಾಡು ಮುಗಿದಿತ್ತು. ಎರಡೂ ದನಿಗಳನ್ನು ಅವರೇ ಹಾಡಿ ಬರೆಸಿದ್ದರು. ಅರ್ಧ ಗಂಟೆಯ ಹಿಂದೆ ನುಡಿಸಿ ನೋಡಿದಾಗ ಎಲ್ಲ ಸರಿಯಿತ್ತು. ಪಕ್ಕದ ಮನೆಯ ಮರಾಠಿ ಹೆಂಗಸು ಸಾವಂತ ಕಾಕು ಬಂದು ಕೂತಿದ್ದರು. ಕನ್ನಡ ತಿಳಿಯದ ಅವರಿಗೆ ಈ ಸೊನ್ನೆಯ ವಿಷಯವಾಗಲಿ ಈರಣ್ಣನ ವಿಷಯವಾಗಲಿ ಏನೂ ಗೊತ್ತಿರಲಿಲ್ಲ. ಅವರಿಗೂ ಕೇಳಿಸೋಣವೆಂದು ಮತ್ತೆ ನುಡಿಸಲು ಗುಂಡಿ ಒತ್ತಿದೆ.

ಹಾರ್ಮೋನಿಯಂ ಮೊದಲ ಸಾಲು ಮುಗಿಸಿತು. ಕೊಳಲು ಎತ್ತಿಕೊಳ್ಳಬೇಕಾದಲ್ಲಿ ಏನೂ ಕೇಳಲಿಲ್ಲ. ಪರದೆಯ ಮೇಲೆ ನುಡಿಯುವ ಸ್ವರ ಬಣ್ಣ ಬದಲಿಸುತ್ತದೆ. ಕೆಳಗಿನ ಸಾಲಿನ ಸ್ವರಗಳು ಒಂದೊಂದಾಗಿ ಬಣ್ಣ ಬದಲಿಸುತ್ತಲೇ ಇದ್ದವು. ದನಿ ಮಾತ್ರ ಇಲ್ಲ. ಸೊಲ್ಲಿನಷ್ಟೇ ಹೊತ್ತು ಕಳೆದ ಮೇಲೆ ಹಾರ್ಮೋನಿಯಂ ಎರಡನೆಯ ನುಡಿಗೆ ಹೋಯಿತು. ಮತ್ತೆ ಕೊಳಲಿನ ಸರದಿ, ಮತ್ತೆ ಮೌನ.

"ದುಸ್ರಂ ವಾದ್ಯ ಕಾ ಥಾಂಬ್ಲಂ?" ಎಂದು ಕಾಕು ಕೇಳಿದರು. ಎರಡನೆಯ ವಾದ್ಯ ಏಕೆ ನಿಂತಿತು ಎಂದು. ಹಾಡಿಗೆ ಐದು ನುಡಿ. ಐದು ಸಲವೂ ಹಾಗೆಯೇ ಆಯಿತು.

ಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು.

"ಮೆಷಿನ್ ಹಾಳಾಗಿರ್ಬೇಕು ಅಮ್ಮ. ನೋಡ್ತೇನೆ, ಸ್ವಲ್ಪ ನಿಲ್ಲಿ," ಎಂದೆ.

"ಕೆಟ್ಟಿದ್ರ ನನ್ನ ಸಾಲೂ ಕೆಡಬೇಕಿತ್ತಲ್ಲ," ಎಂದರು ಅವರು. ತಡವಿ ವಹಿಯನ್ನು ಹುಡುಕಿ, "ವಹಿ ತಗೋ ತಮ್ಮಾ. ನನಗ ಕಾಣೂದಿಲ್ಲ. ಸೊನ್ನಿ ಹಾಕು."

ಸಾಫ್ಟ್‌ವೇರಿನಲ್ಲಿ ನೋಡಿದೆ, ಕೆಳಸಾಲಿನ ದನಿ ಮುಚ್ಚಿರಲಿಲ್ಲ. ಅದರ ಮಟ್ಟವೂ ಇಳಿದಿರಲಿಲ್ಲ. ನಾನು ಏನನ್ನೂ ಬದಲಿಸದೆ ಮತ್ತೊಮ್ಮೆ ನುಡಿಸಿದೆ. ಈ ಸಲ ಕೊಳಲು ಸ್ಪಷ್ಟವಾಗಿ ಕೇಳಿತು. "ಕೇಳಿ ಅಮ್ಮ, ಸರಿಯುಂಟು," ಎಂದೆ. ಶೋಭಾ ಕೂಡ ತಾಯಿಯ ಭುಜ ಹಿಡಿದು, "ಅವ್ವಾ, ಬಂತ ನೋಡು," ಎಂದರು. ಗಂಗವ್ವ ಕೇಳಿಸಿಕೊಳ್ಳಲಿಲ್ಲ, ವಹಿಯನ್ನು ನನ್ನ ಕಡೆಗೆ ಸರಿಸಿ, ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತಿದ್ದರು. ಬಹಳ ಹೊತ್ತಿನ ಮೇಲೆ ನಾನು ಪೆನ್ನು ತೆಗೆದು ಐದು ಸೊಲ್ಲಿಗೂ ಸೊನ್ನೆ ಬರೆದೆ.

ಮುಂದಿನ ವಾರ ಅವರು ಈರಣ್ಣನ ಹೆಸರಿನಲ್ಲಿ ಐದು ಮಂದಿಗೆ ಊಟ ಹಾಕಿದರು. ಆಮೇಲೆ ಆ ಹಾಡು ಹಾಡುವಾಗ ಅವನ ಸರದಿಗೆ ಬಾಯಿ ಮುಚ್ಚಿ ಕೂರುತ್ತಿದ್ದರು. ನೋಡಲು ಆಗುತ್ತಿರಲಿಲ್ಲ. ಆದರೆ ಮೂವತ್ತು ವರ್ಷದಿಂದ ಬಾಗಿಲ ಸದ್ದಿಗೆಲ್ಲ ತಿರುಗುತ್ತಿದ್ದವರು ಈಗ ತಿರುಗುವುದಿಲ್ಲ ಎಂದು ಶೋಭಾ ಹೇಳಿದರು. ಇದನ್ನು ನೆಮ್ಮದಿ ಎನ್ನಬೇಕೇ, ನನಗೆ ತಿಳಿಯದು.

ಕಂಪ್ಯೂಟರ್ ಬಲ್ಲ ಇಬ್ಬರಿಗೆ ತೋರಿಸಿದೆ. ಅವರು ಹೇಳಿದ ಕಾರಣಗಳಲ್ಲಿ ಯಾವುದೂ ಒಂದು ದನಿಯನ್ನು ಐದು ಸಲ ಅಲ್ಲಲ್ಲೇ ನಿಲ್ಲಿಸಿ, ಇನ್ನೊಂದನ್ನು ಮುಟ್ಟದೆ ಬಿಡುವಂಥದ್ದಲ್ಲ. ಆ ಲ್ಯಾಪ್‌ಟಾಪ್ ಕೆಡುವವರೆಗೂ ನೂರಾರು ಸಲ ನುಡಿಸಿದೆ. ಕೊಳಲು ಒಮ್ಮೆಯೂ ತಪ್ಪಲಿಲ್ಲ. ಈರಣ್ಣನ ಸುದ್ದಿ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಯಂತ್ರದ ಯಾವುದೋ ಲೋಪವನ್ನು ನಂಬಿ, ಎಲ್ಲೋ ಬದುಕಿರುವ ಮನುಷ್ಯನನ್ನು ನನ್ನ ಕೈಯಾರೆ ಸತ್ತವರ ಸಾಲಿಗೆ ಸೇರಿಸಿದೆನೇ? ಇದಕ್ಕೆ ಹೆದರುತ್ತೇನೆ. ಅದು ಲೋಪವಲ್ಲದಿದ್ದರೆ ಎಂಬ ಯೋಚನೆಗೂ ಅಷ್ಟೇ ಹೆದರುತ್ತೇನೆ.

ಗಂಗವ್ವ 2012ರಲ್ಲಿ ತೀರಿಕೊಂಡರು. ಅಂದು ಅಲ್ಲಿದ್ದವರಲ್ಲಿ ಈಗ ಬದುಕಿರುವವರು ಮೂವರು: ಅಂಬರನಾಥದ ಅದೇ ಮನೆಯಲ್ಲಿರುವ ಶೋಭಾ, ಮಗನ ಜೊತೆ ವರ್ತಕ ನಗರಕ್ಕೆ ಹೋಗಿರುವ ಸಾವಂತ ಕಾಕು, ಮತ್ತು ನಾನು. ಕೇಳಿದರೆ ಅವರಿಬ್ಬರೂ ಇಷ್ಟನ್ನೇ ಹೇಳುತ್ತಾರೆ. ಈರಣ್ಣನ ಹೆಸರನ್ನು ಬದುಕಿರುವವರ ಕಡೆಗೆ ಬರೆಯಬೇಕೋ ಸತ್ತವರ ಕಡೆಗೆ ಬರೆಯಬೇಕೋ ನಾನು ಅರಿಯೆ. ಇದ್ದರೆ ಅವನಿಗೆ ಈಗ ಎಂಬತ್ತರ ಹತ್ತಿರ.